ಮೃಗದ ಮೈ ಓದುವವರು

ಬೆಂಕಿ ಉಗುಳುವ ಮೊದಲು ಅಂಜನಾಥ್‌ನ ಗಂಟಲು ಕೆಂಪಗೆ ಕಾಯುತ್ತದೆ. ಮೂಗಿನ ಮೇಲೆ ಮಡಿಚಿಕೊಂಡಿದ್ದ ಪೊರೆ ಅರಳುತ್ತದೆ, ಬೆನ್ನಿನ ಕಪ್ಪು ತುಪ್ಪಳದ ನಡುವೆ ಅಡಗಿದ್ದ ಹಾಯಿಯಂಥ ಚರ್ಮ ಬಿಚ್ಚಿ ನಿಲ್ಲುತ್ತದೆ. ಇದನ್ನು ಕಂಡೂ ಎದುರಿಗೇ ನಿಂತವನು ಸುಟ್ಟುಹೋಗುತ್ತಾನೆ. ಮಗ್ಗುಲಿಗೆ ಉರುಳಿ ಅದರ ಕಾಲಬುಡ ಸೇರಿಕೊಂಡವನಿಗೆ ಕತ್ತಿ ಬೀಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಎರಡು ಕಾಲಿನ ಮೇಲೆ ನಿಂತ, ಮನೆಗಿಂತ ಎತ್ತರದ ಈ ಮೃಗ ‘ಮಾನ್‌ಸ್ಟರ್ ಹಂಟರ್: ವರ್ಲ್ಡ್’ ಎಂಬ ವಿಡಿಯೊ ಗೇಮಿನದು. ಅಲ್ಲಿಯವರೆಗೆ ಗುಂಡಿ ಒತ್ತುತ್ತ ಹೇಗೋ ದಾಟಿ ಬಂದ ಹೊಸಬರು ನಿಜವಾಗಿ ಸೋಲಲು ಶುರುಮಾಡುವುದು ಅನೇಕ ಸಲ ಇದರ ಮುಂದೆಯೇ.

ಬೆಂಗಳೂರಿನ ತಣಿಸಂದ್ರ ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಸಾಲುಸಾಲು ಅಪಾರ್ಟ್‌ಮೆಂಟುಗಳು. ಅವುಗಳಲ್ಲೊಂದರಲ್ಲಿ ನನ್ನ ತಂಗಿಯ ಮಗ ಇಬ್ಬರು ಗೆಳೆಯರ ಜತೆ ಬಾಡಿಗೆಗಿದ್ದಾನೆ. ಹಗಲು ನಾಗವಾರದ ಕಡೆ ಟೆಕ್ ಪಾರ್ಕಿನಲ್ಲಿ ಕೆಲಸ, ಶುಕ್ರವಾರ ರಾತ್ರಿ ಬೇಟೆ. ನಾಲ್ಕನೆಯವನು ಹುಬ್ಬಳ್ಳಿಯಲ್ಲಿ ಕೂತು ಹೆಡ್‌ಸೆಟ್ ಏರಿಸಿಕೊಂಡು ಸೇರುತ್ತಾನೆ. ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇಲ್ಲ, ಆದರೆ ಬೇಟೆ ನಡೆಯುವುದೆಲ್ಲ ಕನ್ನಡದಲ್ಲೇ. “ಮಗಾ, ಗಂಟಲು ಕೆಂಪಾಯ್ತು, ಎದುರಿಂದ ಸರಿಯೋ.” “ಕತ್ತಿ ಮೊಂಡಾಗಿದೆ, ಮಸ್ಕೊಂಡ್ ಬರ್ತೀನಿ, ಅಲ್ಲೀವರ್ಗೂ ಅದನ್ನ ನಿನ್ ಕಡೆ ಎಳ್ಕೊಂಡಿರು.” “ಬಾಲ ಬಿಡಬ್ಯಾಡಲೇ, ಇನ್ನೆರಡ ಏಟಿಗೆ ಬೀಳ್ತೈತಿ.” ಇದರಲ್ಲಿ ಅಂಥದ್ದೇನಿದೆ ಎಂದು ನಾನು ಕೇಳಿದಾಗ ಹುಡುಗ ಕಣ್ಣು ಕೀಳದೆ ಹೇಳಿದ್ದು ಇಷ್ಟು: “ದೊಡ್ಡಮ್ಮ, ನೀನು ನನ್ ಕತ್ತಿ ನೋಡ್ಬೇಡ. ಅದರ ಮೈ ನೋಡ್ತಾ ಇರು.”

ಹಾಗೆ ನೋಡತೊಡಗಿದ ಮೇಲೆ ಈ ಆಟದ ಬಗ್ಗೆ ಬರೆಯಲೇಬೇಕು ಅನ್ನಿಸಿತು. ವಿಡಿಯೊ ಗೇಮ್ ಅಂದರೆ ಬೆರಳಿನ ಚುರುಕು, ಸಿಕ್ಕಿದ್ದನ್ನು ಹೊಡೆದು ಕೆಡಹುವುದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಾನಲ್ಲಿ ಕಂಡದ್ದು ಬೇರೆ. ಮೈಗಣ್ಣಾಗಿ ಒಂದು ಜೀವಿಯನ್ನು ಗಮನಿಸುವ, ಅದರ ಹೆಜ್ಜೆ, ಉಸಿರು, ದಣಿವನ್ನು ಅಕ್ಷರದಂತೆ ಓದುವ ಒಂದು ವಿದ್ಯೆ ಬೇಟೆಗಾರರಲ್ಲಿತ್ತು. ನಿಜವಾದ ಕಾಡಿನಲ್ಲಿ ಅದನ್ನು ಪ್ರಯೋಗಿಸುವ ಕಾಲ ಮುಗಿದಿದೆ, ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಆ ವಿದ್ಯೆಯ ಒಂದು ಎಳೆ ಈಗಿನ ಹುಡುಗರ ಕೈಗೆ ಸಿಕ್ಕಿರುವುದು ಈ ಆಟದಲ್ಲಿ ಎಂದು ನಾನು ನಂಬುತ್ತೇನೆ.

ಜಪಾನಿನ ಕ್ಯಾಪ್‌ಕಾಮ್ ಕಂಪನಿ ಈ ಸರಣಿಯ ಮೊದಲ ಆಟವನ್ನು 2004ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ತಂದಿತು. ಆಮೇಲೆ ಕೈಯಲ್ಲಿ ಹಿಡಿಯುವ ಪಿಎಸ್‌ಪಿ ಯಂತ್ರಕ್ಕೆ ಬಂದಾಗ ಜಪಾನಿನಲ್ಲಿ ಇದು ಮನೆಮಾತಾಯಿತು. ಗೆಳೆಯರು ಕೆಫೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಗುಂಪು ಕೂಡಿ ಒಂದೇ ಮೃಗದ ಬೆನ್ನು ಹತ್ತುತ್ತಿದ್ದರು. ಹೊರಗಿನ ಜಗತ್ತು ಇದರತ್ತ ನಿಜವಾಗಿ ತಿರುಗಿದ್ದು 2018ರ ಜನವರಿಯಲ್ಲಿ ‘ವರ್ಲ್ಡ್’ ಬಂದಾಗ. ಅದರ ಪ್ರತಿಗಳು 2 ಕೋಟಿಗೂ ಹೆಚ್ಚು ಮಾರಾಟವಾದವು. 2025ರ ಫೆಬ್ರುವರಿ 28ರಂದು ಬಂದ ‘ವೈಲ್ಡ್ಸ್’ ಮೊದಲ ಮೂರೇ ದಿನಗಳಲ್ಲಿ 80 ಲಕ್ಷ ಪ್ರತಿ ಮಾರಾಟವಾಯಿತು.

ಬಹುತೇಕ ಸಾಹಸದ ಆಟಗಳಲ್ಲಿ ಒಂದು ಹಂತದ ಕೊನೆಗೆ ಒಬ್ಬ ‘ಬಾಸ್’ ಇರುತ್ತಾನೆ. ದಾರಿಯುದ್ದಕ್ಕೂ ಚಿಲ್ಲರೆ ಶತ್ರುಗಳನ್ನು ಕೊಂದು ಬಲಿತ ಆಟಗಾರ ಕಡೆಗೆ ಇವನನ್ನು ಎದುರಿಸಬೇಕು. 1975ರಲ್ಲಿ ಅಮೆರಿಕದ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಪ್ಲೇಟೊ ಕಂಪ್ಯೂಟರ್‌ಗಾಗಿ ಬರೆದ ‘ಡಿಎನ್‌ಡಿ’ ಎಂಬ ಆಟದಲ್ಲಿ ನಿಧಿ ಕಾಯುವ ಒಂದು ಚಿನ್ನದ ಡ್ರ್ಯಾಗನ್ ಇತ್ತು. ಬಾಸ್‌ಗಳ ವಂಶ ಅಲ್ಲಿಂದ ಶುರುವಾಯಿತೆಂದು ಹೇಳುವುದುಂಟು. ಮಾನ್‌ಸ್ಟರ್ ಹಂಟರ್ ಈ ಕ್ರಮವನ್ನೇ ಕೈಬಿಟ್ಟಿತು. ಇಲ್ಲಿ ದಾರಿಯೆಂಬುದೇ ಇಲ್ಲ, ಪ್ರತಿ ಬೇಟೆಯೂ ಒಂದು ಬಾಸ್. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಆಟಗಾರನ ಪಾತ್ರ ಬಲಿಯುವುದಿಲ್ಲ. ನೂರು ಮೃಗ ಕೆಡವಿದವನ ಮೈಯಲ್ಲಿರುವ ಕಸುವೂ ನಿನ್ನೆ ಶುರುಮಾಡಿದವನ ಮೈಯ ಕಸುವೂ ಒಂದೇ. ಉತ್ತಮವಾದ ಆಯುಧ, ಕವಚ ಸಿಗಬಹುದು. ಉಳಿದದ್ದೆಲ್ಲ ಆಟಗಾರನ ಕಣ್ಣಿನಲ್ಲಿ, ನೆನಪಿನಲ್ಲಿ ಬೆಳೆಯಬೇಕು.

ಬೇಟೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕಾಡಿಗೆ ಕಾಲಿಟ್ಟಾಗ ಮೃಗ ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಕೆಸರಿನಲ್ಲಿ ಹೆಜ್ಜೆ, ಮರದ ತೊಗಟೆಯ ಮೇಲೆ ಪರಚಿದ ಗುರುತು, ಬಂಡೆಗೆ ಮೆತ್ತಿದ ಲೋಳೆ, ಇವುಗಳನ್ನು ಒಂದೊಂದಾಗಿ ಹುಡುಕಬೇಕು. ಬೇಟೆಗಾರನ ಬಳಿ ಮಿಂಚುಹುಳುಗಳಂಥ ಹುಳುಗಳ ಒಂದು ಪಂಜರ ಇರುತ್ತದೆ. ಸಾಕಷ್ಟು ಗುರುತು ಸಿಕ್ಕಿದ ಮೇಲೆ ಆ ಹುಳುಗಳು ಹಸಿರು ಗೆರೆಯಾಗಿ ಹಾರಿ ದಾರಿ ತೋರಿಸುತ್ತವೆ. ಮೃಗ ಎದುರಾದಾಗ ಮೊದಲು ಆಗುವುದು ಘರ್ಜನೆ. ಅದರ ಅಬ್ಬರಕ್ಕೆ ಬೇಟೆಗಾರ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುಸಿಯುತ್ತಾನೆ, ಆ ಕ್ಷಣ ಯಾವ ಗುಂಡಿ ಒತ್ತಿದರೂ ಆತ ಅಲುಗುವುದಿಲ್ಲ.

ಆಯುಧಗಳಲ್ಲಿ 14 ಬಗೆ. ಆಳೆತ್ತರದ ಮಹಾಖಡ್ಗ, ಉದ್ದ ಕತ್ತಿ, ಜೋಡಿ ಕತ್ತಿ, ಸುತ್ತಿಗೆ, ಭರ್ಜಿ, ಬಿಲ್ಲು, ಜತೆಗಾರರ ಬಲ ಹೆಚ್ಚಿಸುವ ಕೊಂಬುವಾದ್ಯ ಕೂಡ ಉಂಟು. ಯಾವುದನ್ನು ಹಿಡಿದರೂ ಒಂದು ಕಟ್ಟುಪಾಡು ತಪ್ಪದು: ಬೀಸಲು ಶುರುಮಾಡಿದ ಏಟನ್ನು ನಡುವೆ ಹಿಂದಕ್ಕೆ ಪಡೆಯುವಂತಿಲ್ಲ. ಮಹಾಖಡ್ಗವನ್ನು ತಲೆಯ ಮೇಲೆತ್ತಿದವನು ಅದು ನೆಲಕ್ಕೆ ಬಂದು ಬೀಳುವವರೆಗೆ ಆ ಏಟಿನ ಆಳು. ಆ ಹೊತ್ತಿನಲ್ಲಿ ಮೃಗ ಬಾಲ ತಿರುಗಿಸಿದರೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಆದ್ದರಿಂದ ಹೊಡೆಯುವ ಮೊದಲೇ ಮುಂದಿನ ಎರಡು ಕ್ಷಣದಲ್ಲಿ ಮೃಗ ಏನು ಮಾಡಲಿದೆಯೆಂದು ಗೊತ್ತಿರಬೇಕು. ಗಾಯಕ್ಕೆ ಮದ್ದು ಕುಡಿಯುವುದಕ್ಕೂ ಹೊತ್ತು ಹಿಡಿಯುತ್ತದೆ. ಹಳೆಯ ಆಟಗಳಲ್ಲಂತೂ ಕುಡಿದು ಮುಗಿಸಿದ ಮೇಲೆ ಬೇಟೆಗಾರ ನಿಂತಲ್ಲೇ ತೋಳು ಬಿಗಿದು ಒಂದು ಭಂಗಿ ತೋರಿಸುತ್ತಿದ್ದ, ಮೃಗ ಅಷ್ಟರಲ್ಲಿ ಬಂದು ಹಾಯುತ್ತಿತ್ತು. ‘ವರ್ಲ್ಡ್’ನಲ್ಲಿ ಕುಡಿಯುತ್ತ ನಡೆಯಬಹುದು. ಇಷ್ಟು ಸಡಿಲಿಕೆ ಸಾಕಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಕತ್ತಿ ಮೊಂಡಾಗುತ್ತದೆ, ಸಾಣೆಕಲ್ಲು ತೆಗೆದು ಮಸೆಯಬೇಕು. ಮೃಗದ ಮೈಯೆಲ್ಲ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಕತ್ತಿ ಇಳಿದರೆ ಇನ್ನೊಂದು ಕಡೆ ಠಣ್ಣೆಂದು ಚಿಮ್ಮಿ ಬರುತ್ತದೆ. ಸುತ್ತಿಗೆಯವನು ತಲೆಗೆ ಬಾರಿಸುತ್ತ ಹೋದರೆ ಮೃಗಕ್ಕೆ ಕಣ್ಣು ಕತ್ತಲಿಟ್ಟು ಬೀಳುತ್ತದೆ. ಬಾಲ ಕಡಿಯಲು ಅವನಿಂದಾಗದು, ಅದಕ್ಕೆ ಅಲಗೇ ಬೇಕು. ಅಂಜನಾಥ್ ಬೆಂಕಿಗೆ ಜಗ್ಗುವುದಿಲ್ಲ, ನೀರಿನ ಗುಣವಿರುವ ಆಯುಧಕ್ಕೆ ಬೇಗ ಸೋಲುತ್ತದೆ. ಹೀಗಾಗಿ ನಾಲ್ವರು ಸೇರಿದರೆ ತಲೆ ಯಾರಿಗೆ, ಕಾಲು ಯಾರಿಗೆ, ಬಾಲ ಯಾರಿಗೆ ಎಂಬ ಹಂಚಿಕೆ ಮೊದಲೇ ಆಗಿರಬೇಕು. ಸಮಯ ಸಾಮಾನ್ಯವಾಗಿ 50 ನಿಮಿಷ. ನಾಲ್ವರೂ ಸೇರಿ ಒಟ್ಟು ಮೂರು ಸಲ ನೆಲಕ್ಕೆ ಬಿದ್ದರೆ ಬೇಟೆ ಸೋತಂತೆ. ಬಿದ್ದವನನ್ನು ಬೆಕ್ಕಿನಂಥ ಪ್ರಾಣಿಗಳು ತಳ್ಳುಗಾಡಿಯಲ್ಲಿ ಹಾಕಿಕೊಂಡು ಶಿಬಿರಕ್ಕೆ ತಂದು ಸುರಿಯುತ್ತವೆ, ಪ್ರತಿ ಸಲವೂ ಎಲ್ಲರ ಬಹುಮಾನ ಕಡಿತವಾಗುತ್ತದೆ. ಒಬ್ಬನೇ ಮೂರು ಸಲ ಬಿದ್ದರೂ ಲೆಕ್ಕ ಅದೇ. ತಣಿಸಂದ್ರದ ಆ ಮನೆಯಲ್ಲಿ ಅತಿ ಜೋರಾದ ಜಗಳ ಇದೇ ವಿಷಯಕ್ಕೆ. ಅತಿ ದೊಡ್ಡ ತಾಳ್ಮೆಯನ್ನು ನಾನು ಕಂಡದ್ದೂ ಇದೇ ವಿಷಯದಲ್ಲಿ. ಎರಡು ಸಲ ಬಿದ್ದ ಗೆಳೆಯನನ್ನು ಉಳಿದವರು ಸುತ್ತುಗಟ್ಟಿ ಕಾಯುವ ರೀತಿ ನೋಡಬೇಕು.

ಈ ಆಟದ ಅತ್ಯಂತ ದಿಟ್ಟ ತೀರ್ಮಾನವನ್ನು ಇನ್ನೂ ಹೇಳಿಲ್ಲ. ಬೇರೆ ಆಟಗಳಲ್ಲಿ ಬಾಸ್‌ನ ತಲೆಯ ಮೇಲೋ ಪರದೆಯ ಅಂಚಿನಲ್ಲೋ ಒಂದು ಪಟ್ಟಿ ಇರುತ್ತದೆ. ಅವನಲ್ಲಿ ಎಷ್ಟು ಜೀವ ಉಳಿದಿದೆಯೆಂದು ಅದು ತೋರಿಸುತ್ತದೆ. ಮಾನ್‌ಸ್ಟರ್ ಹಂಟರ್‌ನಲ್ಲಿ ಆ ಪಟ್ಟಿಯಿಲ್ಲ. ಮೃಗದ ಮೈಯೇ ಲೆಕ್ಕ ಹೇಳಬೇಕು. ಕೆರಳಿದಾಗ ಅದರ ಉಸಿರು, ನಡೆ ಬದಲಾಗುತ್ತವೆ. ದಣಿದಾಗ ಬಾಯಿಂದ ಜೊಲ್ಲು ಇಳಿಯುತ್ತದೆ, ಹಾಯಲು ಹೋಗಿ ಮುಗ್ಗರಿಸುತ್ತದೆ. ಹಸಿವಾದರೆ ಜಗಳ ಬಿಟ್ಟು ತಿನ್ನಲು ಹೋಗುತ್ತದೆ. ಸಾವು ಹತ್ತಿರವಾದಾಗ ಕುಂಟುತ್ತದೆ. ಪಟ್ಟಿ ಇದ್ದಿದ್ದರೆ ಆಟಗಾರನ ಕಣ್ಣು ಪಟ್ಟಿಯ ಮೇಲೇ ಇರುತ್ತಿತ್ತು. ಅದನ್ನು ತೆಗೆದುಹಾಕಿದ್ದರಿಂದ ಕಣ್ಣು ಮೃಗದ ಮೇಲೆ ನೆಡುವುದು ಅನಿವಾರ್ಯವಾಯಿತು.

ಕನ್ನಡದ ಓದುಗರಿಗೆ ಈ ಬಗೆಯ ಓದು ಹೊಸದಲ್ಲ. ಬೆಂಗಳೂರಿನಲ್ಲೇ ಬದುಕಿದ ಕೆನೆತ್ ಆ್ಯಂಡರ್ಸನ್ (1910-1974) ಬರೆದ ನರಭಕ್ಷಕಗಳ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಮಾಲಿಕೆಯಲ್ಲಿ ಕನ್ನಡಕ್ಕೆ ತಂದರು. ಅದರ ಒಂದು ಸಂಪುಟದ ಹೆಸರೇ ‘ಜಾಲಹಳ್ಳಿಯ ಕುರ್ಕ’. ಜಾಲಹಳ್ಳಿ ಈಗ ಮೆಟ್ರೊ ಹಾದುಹೋಗುವ, ಕಾರ್ಖಾನೆ-ಕಾಲೊನಿಗಳ ಜಾಗ, ಯಶವಂತಪುರದಿಂದ ಕೂಗಳತೆ. ಅಲ್ಲಿ ಚಿರತೆಯೊಂದು ಮನುಷ್ಯರ ಮೇಲೆ ಬಿದ್ದಿತ್ತೆಂದು ಇವತ್ತು ನಂಬುವುದೇ ಕಷ್ಟ. ಆ ಪುಸ್ತಕಗಳಲ್ಲಿ ನನ್ನನ್ನು ಹಿಡಿದಿಟ್ಟದ್ದು ಕೊನೆಯ ಗುಂಡಿನ ಸದ್ದಾಗಿರಲಿಲ್ಲ. ಅದಕ್ಕೆ ಮುಂಚಿನ ಪುಟಗಳು: ಒಣ ಹಳ್ಳದ ಮರಳಿನಲ್ಲಿ ಮೂಡಿದ ಹೆಜ್ಜೆ ಎಷ್ಟು ಹಳೆಯದು, ಮೂರು ಕಾಲಿನ ಮೇಲೆ ಭಾರ ಬಿಟ್ಟು ನಾಲ್ಕನೆಯದನ್ನು ಎಳೆದಿದೆಯೇ, ಕಡವೆ ಯಾವ ದಿಕ್ಕಿನಲ್ಲಿ ಕೂಗಿತು, ಮುಸುವ ಯಾಕೆ ತಟ್ಟನೆ ಸುಮ್ಮನಾಯಿತು. ಕಾಡನ್ನು ಕಾಣದೆ ಬೆಳೆದ ಬಯಲುಸೀಮೆಯ ಮಕ್ಕಳು ಕೂಡ ಆ ಪುಟಗಳ ಮೂಲಕ ಒಂದು ಮೃಗದ ಮನಸ್ಸಿಗೆ ಹತ್ತಿರ ಹೋದರು. ಆಟದ ಪರದೆಯ ಮುಂದೆ ಕೂತ ಹುಡುಗರಲ್ಲಿ ನನಗೆ ಕಾಣುವುದು ಅದೇ ಏಕಾಗ್ರತೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕಾಡಿನ ಚಿರತೆ ತನ್ನನ್ನು ಓದಲೆಂದು ಸುಳಿವು ಕೊಡುವುದಿಲ್ಲ. ಗೇಮಿನ ಮೃಗದ ಪ್ರತಿ ಸುಳಿವನ್ನೂ ಯಾರೋ ಒಬ್ಬ ಅನಿಮೇಟರ್ ಕೂತು ರೂಪಿಸಿರುತ್ತಾನೆ. ಏಟಿಗೆ ಮುಂಚಿನ ಹಿಂದೆಳೆತ ತೀರ ಉದ್ದವಾದರೆ ಮೃಗ ಪೆದ್ದಾಗಿ ಕಾಣುತ್ತದೆ, ತೀರ ಚಿಕ್ಕದಾದರೆ ಆಟಗಾರನಿಗೆ ಅನ್ಯಾಯವಾದಂತೆ ಅನ್ನಿಸುತ್ತದೆ. ಇವೆರಡರ ನಡುವಿನ ಸರಿಯಾದ ಅಳತೆ ಹುಡುಕುವುದೇ ಆ ಕಸುಬಿನ ಕಷ್ಟ. ಈ ಕಸುಬು ಬೆಂಗಳೂರಿಗೆ ಅಪರಿಚಿತವೇನಲ್ಲ: ರಾಜೇಶ್ ರಾವ್ 1997ರಲ್ಲಿ ಇಲ್ಲಿ ಕಟ್ಟಿದ ಧ್ರುವ ಇಂಟರ‍್ಯಾಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲೊಂದು, ಹೊರದೇಶದ ದೊಡ್ಡ ಆಟಗಳಿಗೆ ವರ್ಷಗಟ್ಟಲೆ ಚಿತ್ರ-ಮಾದರಿಗಳನ್ನು ಮಾಡಿಕೊಟ್ಟಿತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಇಲ್ಲಿಯ ಕೈಗಳು ಯಾರ‍್ಯಾರದೋ ಆಟಗಳಿಗೆ ಜೀವ ತುಂಬಿವೆ. ನಮ್ಮದೇ ಮೃಗಕ್ಕೆ ಅವು ಜೀವ ತುಂಬುವುದನ್ನು ನೋಡುವ ಆಸೆ ನನಗಿದೆ.

ಆ ಮೃಗ ಯಾವುದಾಗಬೇಕೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧ: ಒಂದು ಹಂದಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಒಂದು ಕಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿರುವುದರಿಂದ ಇತಿಹಾಸಕಾರರಿಗೆ ಇದು ಬಲು ಮುಖ್ಯ. ಆದರೆ ಕಲ್ಲು ನಿಂತದ್ದು ಯಾವ ದೊರೆಯ ಸಲುವಾಗಿಯೂ ಅಲ್ಲ. ಆ ಯುದ್ಧದಲ್ಲಿ ಕಾದಿದ ಮಣಲೇರ ಎಂಬ ವೀರನಿಗೆ ಮೆಚ್ಚಿದ ಒಡೆಯ, ಏನು ಬೇಕೋ ಕೇಳಿಕೋ ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಕೆಲಲೆನಾಡಿನ ಬೆಳತೂರ ಬೆಟ್ಟದ ಪಡುವಣ ಕಡೆ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆ ತಪ್ಪದಂತೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರಾಗಿ ನಿಂತಿವೆ.

ನನಗೆ ಈ ಕೆತ್ತನೆಯಲ್ಲಿ ತುಂಬ ಹಿಡಿಸುವುದು ಹಂದಿಗೂ ಸಿಕ್ಕ ಜಾಗ. ಕಾಳಿಯನ್ನು ಹೊಗಳುವ ಕಲ್ಲಿನಲ್ಲಿ ಹಂದಿಯನ್ನು ಕಾಲಡಿ ಬಿದ್ದ ಹೆಣದಂತೆ ಕೆತ್ತಬಹುದಿತ್ತು. ಶಿಲ್ಪಿ ಹಾಗೆ ಮಾಡಲಿಲ್ಲ. ಎದುರಾಳಿ ದೊಡ್ಡದಾಗಿದ್ದಾಗಲೇ ಹೋರಾಟಕ್ಕೆ ಬೆಲೆ ಎಂಬುದು ಹತ್ತನೆಯ ಶತಮಾನದ ಆ ಕೈಗೆ ಗೊತ್ತಿತ್ತು. 2021ರ ‘ಮಾನ್‌ಸ್ಟರ್ ಹಂಟರ್ ರೈಸ್’ನಲ್ಲಿ ಬೇಟೆಗಾರನ ಜತೆಗೆ ಮೊದಲ ಬಾರಿ ಒಂದು ನಾಯಿ ಬಂತು, ಅದರ ಬೆನ್ನೇರಿ ಓಡಬಹುದು, ಅದೂ ಮೃಗದ ಮೇಲೆ ಬೀಳುತ್ತದೆ. ಅದನ್ನು ನೋಡಿದಾಗ ನನಗೆ ನೆನಪಾದದ್ದು ಆತಕೂರಿನ ಕಾಳಿ.

ಮೃಗ ಬಿದ್ದ ಮೇಲೆ ಆಟದಲ್ಲಿ ಇನ್ನೊಂದು ಕೆಲಸವಿದೆ. ಚೂರಿ ತೆಗೆದು ಚರ್ಮ, ಹುರುಪೆ, ಹಲ್ಲು, ಉಗುರು ಬಿಡಿಸಿಕೊಳ್ಳಬೇಕು. ಕಮ್ಮಾರನ ಬಳಿ ಅವುಗಳಿಂದಲೇ ಮುಂದಿನ ಆಯುಧ, ಕವಚ ಆಗುತ್ತದೆ. ಅಂಜನಾಥ್ ಕೆಡವಿದವನು ಅಂಜನಾಥ್‌ನ ತುಪ್ಪಳ ಹೊದ್ದು ಓಡಾಡುತ್ತಾನೆ, ಅದರ ಗುಣವೂ ಒಂದಿಷ್ಟು ಅವನಿಗೆ ಬರುತ್ತದೆ. ಕವಚ ನೋಡಿದರೆ ಸಾಕು, ಇವನು ಯಾರ ಎದುರು ನಿಂತು ಬಂದವನೆಂದು ಹೇಳಬಹುದು. ಇದನ್ನು ನೆನಪಿಸುವ ‘ನರಿ ಮಂಗಲ’ ಎಂಬ ಆಚರಣೆ ಕೊಡಗಿನಲ್ಲಿ ಹಿಂದೆ ಇತ್ತು. ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ. ಹುಲಿ ಕೊಂದವನನ್ನು ಮದುಮಗನಂತೆ ಸಿಂಗರಿಸಿ, ಚಪ್ಪರದಡಿ ಕಟ್ಟಿ ನಿಲ್ಲಿಸಿದ ಹುಲಿಯ ಪಕ್ಕದಲ್ಲಿ ಕೂರಿಸುತ್ತಿದ್ದರು. ಬಂದವರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ, ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುತ್ತಿದ್ದರು. ಅದು ಹುಲಿಯ ಆತ್ಮದೊಡನೆ ಆಗುವ ಮದುವೆ. ಕೊಂದದ್ದರ ಜತೆ ನಂಟು ಬೆಳೆಸದೆ ಬಿಡಬಾರದು ಎಂಬ ಭಾವ ಅದರಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಲಿಯ ಮೇಲೆ ಬಂದೂಕು ಎತ್ತುವುದೇ ಅಪರಾಧವಾಯಿತು.

ಈಗ ಮೊಬೈಲಿನಲ್ಲೂ ಬೇಟೆ ಬಂದಿದೆ. ನಿಯಾಂಟಿಕ್ ಮತ್ತು ಕ್ಯಾಪ್‌ಕಾಮ್ ಸೇರಿ 2023ರ ಸೆಪ್ಟೆಂಬರ್ 14ರಂದು ಬಿಡುಗಡೆ ಮಾಡಿದ ‘ಮಾನ್‌ಸ್ಟರ್ ಹಂಟರ್ ನೌ’ ಆಟದಲ್ಲಿ ನಾವು ನಿಜವಾಗಿ ನಡೆಯುವ ಬೀದಿಗಳ ನಕ್ಷೆಯ ಮೇಲೆಯೇ ಮೃಗಗಳು ಕಾಣಿಸಿಕೊಳ್ಳುತ್ತವೆ. ರಾಚೇನಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗ್ ಹೋಗುವವರ ನಡುವೆ ಒಬ್ಬ ತಟ್ಟನೆ ನಿಂತು ಪರದೆಯ ಮೇಲೆ ಬೆರಳಾಡಿಸುತ್ತಿದ್ದರೆ ಅವನ ಮುಂದೆ ಒಂದು ಬೆಂಕಿ ಉಗುಳುವ ರಥಲೋಸ್ ಇರಬಹುದು. ಹೊತ್ತು ಕೇವಲ 75 ಸೆಕೆಂಡು. ನಡೆದಾಡಿಸುತ್ತದೆ ಎಂಬುದು ಇದರ ಒಳ್ಳೆಯ ಗುಣ. ಆದರೆ 75 ಸೆಕೆಂಡಿನಲ್ಲಿ ಮೃಗ ದಣಿಯುವುದನ್ನು ಕಾಯಲಾಗದು, ಅದು ಊಟಕ್ಕೆ ಹೋಗುವುದನ್ನು ಹಿಂಬಾಲಿಸಲಾಗದು. ಬೆರಳಿನ ಚುರುಕು ಉಳಿಯುತ್ತದೆ, ಜತೆಗಿರುವ ಸಲುಗೆ ಬೆಳೆಯುವುದಿಲ್ಲ. ಹೊತ್ತಿದ್ದರೆ ದೊಡ್ಡ ಪರದೆಯ ಉದ್ದ ಬೇಟೆಯನ್ನೇ ಆಡಿ ಎನ್ನುತ್ತೇನೆ.

ಉದ್ದ ಬೇಟೆಯ ಕೊನೆ ಸುಲಭದ್ದಲ್ಲ. ಅಷ್ಟು ಹೊತ್ತು ಅಬ್ಬರಿಸಿದ ಅಂಜನಾಥ್ ಕುಂಟುತ್ತ ತನ್ನ ಗೂಡಿನ ಕಡೆ ಹೊರಡುತ್ತದೆ. ಹಿಂದೆಯೇ ಹೋದರೆ ಅಲ್ಲಿ ಮಲಗಿ ನಿದ್ದೆ ಮಾಡುತ್ತಿರುತ್ತದೆ. ನಿದ್ದೆಯಲ್ಲಿರುವಾಗ ಬೀಳುವ ಮೊದಲ ಏಟಿಗೆ ಬಲ ಇಮ್ಮಡಿ. ಅದಕ್ಕೇ ಆಟಗಾರರು ತಲೆಯ ಬಳಿ ಸಿಡಿಮದ್ದಿನ ಪೀಪಾಯಿಗಳನ್ನು ಸದ್ದಿಲ್ಲದೆ ಇಟ್ಟು ಬರುತ್ತಾರೆ. ಇದನ್ನು ನೋಡುವಾಗ ನನ್ನ ಮನಸ್ಸು ಮೃಗದ ಕಡೆಗೇ ವಾಲುತ್ತದೆ. ಆಟ ಆ ಸಂಕಟವನ್ನು ಬಚ್ಚಿಡದೆ ತೋರಿಸುವುದನ್ನು ನಾನು ಮೆಚ್ಚುತ್ತೇನೆ. 2005ರಲ್ಲಿ ಜಪಾನಿನ ಫುಮಿತೊ ಉಯೆದಾ ಮಾಡಿದ ‘ಶ್ಯಾಡೊ ಆಫ್ ದ ಕೊಲೋಸಸ್’ ಇನ್ನೂ ಮುಂದೆ ಹೋಗಿತ್ತು: ಅದರಲ್ಲಿರುವುದು 16 ದೈತ್ಯರು ಮಾತ್ರ, ಒಬ್ಬೊಬ್ಬ ಬಿದ್ದಾಗಲೂ ಗೆಲುವಿನ ವಾದ್ಯ ಮೊಳಗದೆ ಶೋಕದ ಸಂಗೀತ ಕೇಳುತ್ತದೆ.

ಕೊಲ್ಲಲು ಮನಸ್ಸಿಲ್ಲದವರಿಗೆ ಮಾನ್‌ಸ್ಟರ್ ಹಂಟರ್‌ನಲ್ಲಿ ಇನ್ನೊಂದು ದಾರಿಯಿದೆ. ಎಷ್ಟೋ ಬೇಟೆಗಳಲ್ಲಿ ಮೃಗವನ್ನು ಜೀವಂತ ಹಿಡಿದರೂ ಗೆದ್ದಂತೆಯೇ. ನೆಲದಲ್ಲಿ ಹೂತ ಬಲೆಗುಂಡಿಯೋ ಮಿಂಚು ಹೊಡೆಯುವ ಬೋನೋ ಹೂಡಬೇಕು. ಮೃಗ ಸಿಕ್ಕಿಕೊಂಡ ಕೂಡಲೇ ಮಂಪರಿನ ಎರಡು ಗುಂಡು ಎಸೆಯಬೇಕು. ತಣಿಸಂದ್ರದ ನಾಲ್ವರೂ ಈಗ ಹೆಚ್ಚಾಗಿ ಹಿಡಿಯುವವರೇ. ಆದರೆ ಹಿಡಿದರೆ ಬೇಟೆ ಅಲ್ಲಿಗೇ ಮುಗಿಯುವುದರಿಂದ, ಬಾಲ ಬೇಕಾದವನು ಅದನ್ನು ಮೊದಲೇ ಕಡಿದಿರಬೇಕು. ಹೂಡುವ ಹೊತ್ತೂ ಸರಿಯಾಗಿರಬೇಕು. ಮೃಗ ಸಾಕಷ್ಟು ಬಳಲುವ ಮೊದಲೇ ಹೂಡಿದರೆ ಮಂಪರಿನ ಗುಂಡು ಎಷ್ಟೆಸೆದರೂ ಅದು ಎದ್ದು ಬರುತ್ತದೆ. ಹೂಡಿದಷ್ಟೂ ಸಲ ಬಲೆಗೆ ಪಳಗಿ ಮತ್ತಷ್ಟು ಬೇಗ ಬಿಡಿಸಿಕೊಳ್ಳುತ್ತದೆ. ಕುಂಟುವ ಕಾಲು ಕಾಣುವವರೆಗೆ ಬಲೆಯನ್ನು ಚೀಲದಲ್ಲೇ ಇಟ್ಟುಕೊಳ್ಳಬೇಕು, 50 ನಿಮಿಷದ ಗಡಿಯಾರ ಎಷ್ಟೇ ಮುಂದೆ ಹೋಗಿದ್ದರೂ.